ಜಾಗ ಬಿಟ್ಟುಕೊಟ್ಟು ಗೆದ್ದೆ

ನಾನು ಅಂಗೈಗಿಂತ ಕೊಂಚ ದೊಡ್ಡದಾದ ಒಂದು ರೇಡಿಯೋ ಬೋರ್ಡು. ಹಾಡು, ವಾರ್ತೆ ಹೇಳುವ ರೇಡಿಯೋ ಅಲ್ಲ. ಕಂಪ್ಯೂಟರಿಗೆ ಜೋಡಿಸಿ ಯಾವ ಸಾಫ್ಟ್‌ವೇರ್ ತುಂಬಿದರೆ ಆ ಬಗೆಯ ರೇಡಿಯೋ ಆಗುತ್ತೇನೆ. ಕಾರ್ಖಾನೆಯಿಂದ ನಾನೂ ನನ್ನ ಜೋಡಿಯೂ ಒಂದೇ ಪೆಟ್ಟಿಗೆಯಲ್ಲಿ ಹೊರಬಿದ್ದೆವು. ದೊಡ್ಡ ಸಂಶೋಧನಾ ಕೇಂದ್ರವೊಂದರಲ್ಲಿ ಮೂರು ವರ್ಷ ದುಡಿದೆವು. ಅಲ್ಲಿಗೆ ಹೊಸ ಬೋರ್ಡುಗಳು ಬಂದವು. ನಾವು ಗದಗಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಬಂದೆವು.

ಅಲ್ಲಿ ನಮ್ಮನ್ನು ಕೈಗೆತ್ತಿಕೊಂಡವರು ಶಾಹಿದಾ ಮೇಡಂ. ಪಾಠ ಹೇಳುತ್ತಲೇ ಪಿಎಚ್.ಡಿ. ಮಾಡುತ್ತಿದ್ದರು. ಗಾಳಿಯಲ್ಲಿ ಪ್ರತಿಯೊಬ್ಬರಿಗೂ ಇಂತಿಷ್ಟು ತರಂಗ ಎಂದು ಹಂಚಿರುತ್ತಾರೆ. ಹಕ್ಕುದಾರರು ಸುಮ್ಮನಿದ್ದಾಗ ಆ ಜಾಗದಲ್ಲಿ ನಾವು ಮಾತಾಡಬೇಕು, ಅವರು ಬಾಯಿ ತೆರೆದ ಕೂಡಲೇ ಬೇರೆ ಕಡೆ ಸರಿಯಬೇಕು. ಇದೇ ಅವರ ಸಂಶೋಧನೆ. ಕಂಪ್ಯೂಟರಿನ ಅಣಕು ಪ್ರಯೋಗದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಪರೀಕ್ಷಕರಾದ ನಿಂಬರಗಿ ಸರ್ ನಕ್ಕುಬಿಟ್ಟರು.

"ಕಂಪ್ಯೂಟರ್‌ನ್ಯಾಗ ಎಲ್ಲಾರೂ ಪೈಲ್ವಾನ್ರ ನೋಡ್ರಿ. ಗಾಳ್ಯಾಗ ಮಾಡಿ ತೋರಸ್ರಿ."

ಪರವಾನಗಿ ಪಡೆದು ಮೇಡಂ ನನ್ನನ್ನು ಚಾಲೂ ಮಾಡಿದರು. ಜೋಡಿಗೆ ವಿಡಿಯೋ ಕಳಿಸುವುದು ನನ್ನ ಕೆಲಸ. ಪಕ್ಕದ ಸಭಾಂಗಣದಲ್ಲಿ ಪ್ರಿನ್ಸಿಪಾಲರು ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುತ್ತಿದ್ದರು. ಅವರ ತಂತಿಯಿಲ್ಲದ ಮೈಕೇ ಆ ತರಂಗದ ಹಕ್ಕುದಾರ. ದಪ್ಪ ಗೋಡೆಯಾಚೆಗಿನ ಅದರ ದನಿ ನನಗೆ ಕೇಳಿಸಲೇ ಇಲ್ಲ. ಜಾಗ ಖಾಲಿ ಎಂದುಕೊಂಡು ಮಾತಾಡಿಬಿಟ್ಟೆ. ಪ್ರಿನ್ಸಿಪಾಲರ ಭಾಷಣ ಗರಗರ ಎಂದು ಒಡೆಯಿತು. ಸಭೆ ಗೊಳ್ಳೆಂದು ನಕ್ಕಿತು.

"ನಾಳಿಂದ ಈ ಆಟ ಬಂದ್ ಮಾಡ್ರಿ ಮೇಡಂ," ಎಂದರು ಪ್ರಿನ್ಸಿಪಾಲರು.

"ಒಂದ ಅವಕಾಶ ಕೊಡ್ರಿ ಸರ್. ನಿಮ್ಮ ಮೈಕ್ ಮ್ಯಾಲೇ ಗೆದ್ದು ತೋರಸ್ತೀನಿ. ಆಗಲಿಲ್ಲಂದ್ರ ನಾನ ಎಲ್ಲಾ ಕಟ್ಟಿ ವಾಪಸ್ ಕಳಸ್ತೀನಿ."

ಪ್ರಿನ್ಸಿಪಾಲರು ಒಪ್ಪಿದರು.

ಮೇಡಂ ಮತ್ತೆ ಅಣಕು ಪ್ರಯೋಗಕ್ಕೆ ಕೂತರು. ಈ ಸಲ ಅದರಲ್ಲಿ ಗೋಡೆಯನ್ನೂ ಸೇರಿಸಿದರು. ಒಬ್ಬರ ಕಿವಿ ಸಾಲದು ಎಂಬುದು ತಿಳಿಯಿತು. ನನ್ನ ಜೋಡಿಯನ್ನು ಸಭಾಂಗಣದ ಕಿಟಕಿಯಲ್ಲಿಟ್ಟು, ಅದಕ್ಕೆ ಕೇಳಿಸಿದ್ದು ತಂತಿಯ ಮೂಲಕ ನನಗೂ ಗೊತ್ತಾಗುವಂತೆ ಮಾಡಿದರು. ಇಬ್ಬರಲ್ಲಿ ಒಬ್ಬರಿಗೆ ಕೇಳಿಸಿದರೂ ಇಬ್ಬರೂ ಸರಿಯಬೇಕು.

ಪರೀಕ್ಷೆಯ ದಿನ ನಿಂಬರಗಿ ಸರ್, ಪ್ರಿನ್ಸಿಪಾಲರು ಇಬ್ಬರೂ ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ ನಾನು ಕಳಿಸಿದ ವಿಡಿಯೋ ಓಡುತ್ತಿತ್ತು. ಲ್ಯಾಬಿನ ಅಟೆಂಡರ್ ಫಕೀರಪ್ಪ ಮೈಕ್ ಹಿಡಿದರು. ಏನು ಮಾತಾಡಬೇಕೆಂದು ಯಾರೂ ಹೇಳಿರಲಿಲ್ಲ. ಅವರು ಜೋಳದ ರೊಟ್ಟಿ ಬಡಿಯುವ ವಿಧಾನ ಶುರುಮಾಡಿದರು!

"ಮೊದಲ ನೀರ ಕುದಿಬೇಕ್ರಿ..."

'ಮೊದಲ' ಎನ್ನುವಷ್ಟರಲ್ಲಿ ಜೋಡಿಯಿಂದ ಸುದ್ದಿ ಬಂತು. ಕಣ್ಣು ಮಿಟುಕಿಸುವುದರೊಳಗೆ ನಾವಿಬ್ಬರೂ ಬೇರೆ ತರಂಗಕ್ಕೆ ಜಿಗಿದೆವು. ಫಕೀರಪ್ಪನವರ ದನಿ ಗಂಟೆಯಂತೆ ಮೊಳಗಿತು. ಅವರು ಕಂಬದ ಹಿಂದೆ ಹೋದರು, ಮೆಟ್ಟಿಲಿಳಿದರು, ಮಾತಿನಲ್ಲೇ ಹಿಟ್ಟು ನಾದಿದರು, ರೊಟ್ಟಿ ಬೇಯಿಸಿದರು. ದನಿ ಒಡೆಯಲಿಲ್ಲ, ವಿಡಿಯೋ ನಿಲ್ಲಲಿಲ್ಲ. ನಿಂಬರಗಿ ಸರ್ ತಾವೇ ಎದ್ದು ಮೈಕನ್ನು ಹತ್ತು ಸಲ ಬಂದ್ ಮಾಡಿ ಚಾಲೂ ಮಾಡಿದರು. ಹತ್ತು ಸಲವೂ ನಾವು ಸರಿದೆವು.

"ಭೇಷ್! ಗೆದ್ದಿ ನೋಡವಾ," ಎಂದರು ಅವರು. ಪ್ರಿನ್ಸಿಪಾಲರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ನನಗೆ ವಯಸ್ಸಾಗಿದೆ. ಕಳಿಸುವ ಭಾಗ ಸುಟ್ಟುಹೋಗಿದೆ, ಕೇಳಿಸಿಕೊಳ್ಳುವುದಷ್ಟೇ ಉಳಿದಿದೆ. ಆದರೂ ಡಾಕ್ಟರ್ ಶಾಹಿದಾ ಪ್ರತಿ ವರ್ಷ ಮೊದಲ ತರಗತಿಗೆ ನನ್ನನ್ನೇ ಮೇಜಿನ ಮೇಲಿಡುತ್ತಾರೆ. ಮೊನ್ನೆ ಒಬ್ಬ ಹುಡುಗಿ ನನಗೆ ಕೇಳಿಸಿದ ತರಂಗಗಳನ್ನು ತೋರಿಸುವ ಪರದೆ ನೋಡಿ ಬೆರಗಾಗಿ, "ಇಷ್ಟೊಂದು ಜಾಗ ಖಾಲಿ ಐತೇನ್ರಿ ಮೇಡಂ?" ಎಂದಳು.

"ಐತಿ. ಬಾ, ಮೊದಲ ಕೇಳೋದು ಕಲಿ," ಎಂದು ಮೇಡಂ ಅವಳ ಕೈಯನ್ನು ನನ್ನನ್ನು ಚಾಲೂ ಮಾಡುವ ಗುಂಡಿಯ ಮೇಲಿಟ್ಟರು.