ಬೇಸಿಗೆಯ ರೇನ್‌ಕೋಟು

ಮೇ ತಿಂಗಳಲ್ಲಿ ರೇನ್‌ಕೋಟು ಹಾಕಿಕೊಂಡು ಕೆಲಸಕ್ಕೆ ಹೋಗುವ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಬುತ್ತಿ ಕಟ್ಟಿ ಕಳಿಸಿದ್ದೇನೆ. ಅವರು ನಮ್ಮ ಮನೆಯವರು, ಶಿವರುದ್ರಪ್ಪ. ಪುಣೆಯಲ್ಲಿ ಈ ಸಲ ಎಂಥ ಬಿಸಿಲೆಂದರೆ, ಧನಕವಡಿಯ ನಮ್ಮ ತಗಡಿನ ಮನೆಯಲ್ಲಿ ನಲ್ಲಿಯ ನೀರು ಕೂಡ ಕೈ ಸುಡುತ್ತಿತ್ತು. ಅಂಥದರಲ್ಲಿ ಈ ಪುಣ್ಯಾತ್ಮ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಹೊರಡುತ್ತಿದ್ದರು.

ಒಳಗೆ ಏನಿತ್ತು ಅಂತೀರಾ? ಯೂನಿಫಾರ್ಮು. ತಿಳಿನೀಲಿ ಅಂಗಿ, ಹೆಗಲ ಮೇಲೆ ಪಟ್ಟಿ, ಎದೆಯ ಮೇಲೆ ಹೆಸರಿನ ಬಿಲ್ಲೆ, ಸೀಟಿ ಕಟ್ಟಿದ ಬಿಳಿ ದಾರ. ಕೋಂಢವಾ ಕಡೆಯ ಒಂದು ದೊಡ್ಡ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಅವರು ಸೆಕ್ಯುರಿಟಿ ಗಾರ್ಡ್. ಓಣಿಯ ಮಂದಿಗೆ ಮಾತ್ರ ಅವರು ಆಫೀಸಿಗೆ ಹೋಗುವವರು.

ಮೊದಲು ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು, ಹಣೆಯಲ್ಲಿ ವಿಭೂತಿ. ಓಣಿಯಲ್ಲಿ ಇರುವವರೆಲ್ಲ ನಮ್ಮ ಇಂಡಿ, ಸಿಂದಗಿ ಕಡೆಯವರೇ. ಬಸವ ಜಯಂತಿಯ ದಿನ ನಮ್ಮವರಿಗೆ ಮುಂದಿನ ಕುರ್ಚಿ ಇರುತ್ತಿತ್ತು, ಜನ 'ಸಾಹೇಬ್ರ' ಅನ್ನುತ್ತಿದ್ದರು. ಮುದುಕ ಮಾಲಕ ಸತ್ತ, ಮಕ್ಕಳು ಅಂಗಡಿ ಮಾರಿದರು. ತಲೆ ಬೆಳ್ಳಗಾದ ಗುಮಾಸ್ತನನ್ನು ಯಾರು ಕೇಳುತ್ತಾರೆ? ಕೇಳಿದ್ದು ಸೆಕ್ಯುರಿಟಿ ಏಜೆನ್ಸಿಯವರು ಮಾತ್ರ.

ಕೆಲಸ ಸಿಕ್ಕಿತಲ್ಲ ಎಂದು ನಾನು ದೇವರಿಗೆ ದೀಪ ಹಚ್ಚಿದರೆ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಅವರ ತಲೆಯಲ್ಲಿ ಕೂತಿದ್ದವನು ಶಂಕ್ರೆಪ್ಪ.

ಈ ಶಂಕ್ರೆಪ್ಪನದು ಓಣಿಯ ಬಾಯಲ್ಲಿ ಕಿರಾಣಿ ಅಂಗಡಿ. ಯಾರೇ ಬರಲಿ ಹೋಗಲಿ, ಅವನ ಕಟ್ಟೆ ದಾಟದೆ ಗತಿಯಿಲ್ಲ. ನಾಲಿಗೆಗೆ ಎಲುಬಿಲ್ಲದ ಮನುಷ್ಯ. ಒಮ್ಮೆ ನಮ್ಮೂರ ಕಡೆಯವನೊಬ್ಬ ವಾಚ್‌ಮನ್ ಯೂನಿಫಾರ್ಮಿನಲ್ಲೇ ಬಂದಾಗ ಇವನು ಕಟ್ಟೆಯ ಮೇಲೆ ನಿಂತು ಕೂಗಿದ್ದ: "ಏ ಜನರಲ್ ಸಾಹೇಬ, ಒಂದು ಸೆಲ್ಯೂಟ್ ಹೊಡಿ ನೋಡೂಣು!" ಆ ಬಡಪಾಯಿ ಹಲ್ಲು ಕಿಸಿದು ಹೊಡೆದೂ ಬಿಟ್ಟ. ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಿನ್ನೂ ಗುಮಾಸ್ತರಾಗಿದ್ದ ನಮ್ಮವರೂ ಅಲ್ಲೇ ಇದ್ದರು, ನಕ್ಕಿದ್ದರು. ಮುಂದೆ ಆ ಮನುಷ್ಯ ರೂಮು ಖಾಲಿ ಮಾಡಿ ಬೇರೆ ಕಡೆ ಹೋದ.

ಅದಕ್ಕೇ ನಮ್ಮವರು ಮನೆಯಿಂದ ಬಿಳಿ ಅಂಗಿಯಲ್ಲೇ ಹೋಗುತ್ತಿದ್ದರು. ಯೂನಿಫಾರ್ಮು ಚೀಲದಲ್ಲಿ, ಬೂಟು ಮಾತ್ರ ಕಾಲಲ್ಲೇ. ಸೊಸೈಟಿಯ ಪಂಪಿನ ಕೋಣೆಯಲ್ಲಿ ಬದಲಾಯಿಸಿ ಗೇಟಿಗೆ ನಿಲ್ಲುವುದು, ಪಾಳಿ ಮುಗಿದ ಮೇಲೆ ಮತ್ತೆ ಬಿಳಿ ಅಂಗಿ. ನಾನು ಅದನ್ನು ತೊಳೆದು ಒಳಗೆ, ಒಲೆಯ ಮೇಲೆ ದಾರ ಕಟ್ಟಿ ಒಣಗಿಸಬೇಕು. ಹೊರಗೆ ಹಾಕುವ ಹಾಗಿಲ್ಲ. ಮಳೆಗಾಲದಲ್ಲಿ ಒಣಗದೆ ಮುಗ್ಗಲು ವಾಸನೆ ಬಂದರೂ ಅದನ್ನೇ ಹಾಕಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ಈ ಮಾರ್ಚಿನಲ್ಲಿ ಸೊಸೈಟಿಯ ಹೆಣ್ಣುಮಗಳೊಬ್ಬಳು ಪಂಪಿನ ಕೋಣೆಯ ಬಾಗಿಲು ತೆರೆದಳಂತೆ. ಒಳಗೆ ಒಬ್ಬ ಗಾರ್ಡು ಬನಿಯನ್ನಿನಲ್ಲಿ ನಿಂತಿದ್ದ. ಅಷ್ಟಕ್ಕೇ ಕಮಿಟಿಯವರ ಮೀಟಿಂಗು, ಗುಲ್ಲು. ಕೋಣೆಗೆ ಬೀಗ ಬಿತ್ತು. ಏಜೆನ್ಸಿಯ ಸೂಪರ್‌ವೈಸರ್ ಸುಹಾಸ, ಮಗನ ವಯಸ್ಸಿನ ಹುಡುಗ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮರಾಠಿಯಲ್ಲಿ ಹೇಳಿದನಂತೆ: "ಘರೂನಚ್ ಘಾಲೂನ್ ಯಾ, ಕಾಕಾ." ಮನೆಯಿಂದಲೇ ಹಾಕಿಕೊಂಡು ಬನ್ನಿ. ದಾರಿಯಲ್ಲಿ ಜನ ನೋಡಿದರೆ ಕಂಪನಿಗೆ ಪುಕ್ಕಟೆ ಜಾಹೀರಾತು ಎಂದೂ ಹೇಳಿದನಂತೆ.

ಅವತ್ತು ಅವರು ಊಟ ಮಾಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಕದ್ದೀರೇನು? ಕುಡಿದೀರೇನು? ದುಡಿಯೂ ಬಟ್ಟಿ ಅದು. ಹಾಕ್ಕೊಂಡು ಎದಿ ಉಬ್ಬಿಸಿ ಹೋಗ್ರಿ," ಎಂದೆ.

"ನಿನಗ ತಿಳಿಯಂಗಿಲ್ಲ ಬಿಡು, ಪಾರು."

"ಏನು ತಿಳಿಯಂಗಿಲ್ಲ? ದೇಹೂ ರೋಡಿನ ಮಿಲಿಟರಿಯವರು ಬಸ್ಸಿನ್ಯಾಗ ಯೂನಿಫಾರ್ಮ್ ಮ್ಯಾಲೆ ಬರ್ತಾರಲ್ಲ, ಅವರೇನು ಮಾರಿ ಮುಚ್ಕೋತಾರೇನು?"

ಅವರು ನನ್ನನ್ನೇ ನೋಡಿದರು. "ಅವರ ಡ್ರೆಸ್ ನೋಡಿದ್ರ ಜನ ಎದ್ದು ಜಾಗಾ ಕೊಡ್ತಾರ. ನನ್ನ ಡ್ರೆಸ್ ನೋಡಿದ್ರ ಗೇಟ್ ತಗಿ ಅಂತಾರ. ಎರಡೂ ಒಂದ ಏನು?"

ಸುಳ್ಳು ಹೇಳಿದ್ದರೆ ಜಗಳಾಡಬಹುದಿತ್ತು.

ಎರಡು ದಿನ ಕಾತ್ರಜ್ ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಬದಲಾಯಿಸಲು ನೋಡಿದರು. ಪ್ಯಾಂಟು ಒದ್ದೆ ನೆಲಕ್ಕೆ ಬಿದ್ದು, ಹೊರಗೆ ಕಾದವರು ಬಾಗಿಲು ಬಡಿದು ಬೈದು, ಅದೂ ಸಾಕಾಯಿತು. ಮೂರನೆಯ ದಿನ ಟ್ರಂಕಿನಿಂದ ರೇನ್‌ಕೋಟು ತೆಗೆದರು. ಕಪ್ಪು ಬಣ್ಣದ್ದು, ಮೊಣಕಾಲು ಮುಚ್ಚುವಷ್ಟು ಉದ್ದ, ಒಳಗೆ ಗಾಳಿ ಆಡದ ದಪ್ಪ ರಬ್ಬರಿನ ಬಟ್ಟೆ. ಯೂನಿಫಾರ್ಮಿನ ಮೇಲೆ ಅದನ್ನು ಹಾಕಿಕೊಂಡು ಡ್ಯೂಟಿಯ ಟೊಪ್ಪಿಗೆಯನ್ನು ಚೀಲಕ್ಕೆ ತುರುಕಿದರು.

"ಏನ್ರಿ ಸಾಹೇಬ್ರ, ಬ್ಯಾಸಗ್ಯಾಗ ಮಳಿ ತರಸ್ತೀರೇನು?" ಎಂದು ಶಂಕ್ರೆಪ್ಪ ಕಟ್ಟೆಯಿಂದ ಕೇಳಿದ್ದು ನನ್ನ ಬಾಗಿಲಿಗೇ ಕೇಳಿಸಿತು.

"ನೆಗಡಿ ಆಗೇದ, ಗಾಳಿ ತಾಗಬಾರದು ಅಂದಾರ," ಎಂದರು ಇವರು. ಆ ನೆಗಡಿ ಮಾರ್ಚಿನಿಂದ ಮೇ ತನಕ ಬಿಡಲಿಲ್ಲ.

ಬೆಳಿಗ್ಗೆ ಹೋಗುವಾಗ ಹೇಗೋ ಸೈ. ಪಾಳಿ ಬಿಡುವುದು ನಡು ಮಧ್ಯಾಹ್ನ. ಬಸ್ಸಿನಲ್ಲಿ ಜನರ ನಡುವೆ ನಿಂತು, ಆ ರಬ್ಬರಿನೊಳಗೆ ಬೆಂದು ಮನೆಗೆ ಬರುತ್ತಿದ್ದರು. ಕೋಟು ಬಿಚ್ಚಿದರೆ ಅಂಗಿ ಹಿಂಡಬೇಕು, ಹಾಗೆ ಒದ್ದೆ. ಕಣ್ಣು ಕೆಂಪು, ಮಾತು ತೊದಲು. ಮೊದಲೇ ಬಿಪಿ ಇದ್ದ ಮನುಷ್ಯ. ನಾನು ಅತ್ತು ಕರೆದೆ, ಬೈದೆ, ಕೋಟು ಬಚ್ಚಿಟ್ಟೆ. ಬಚ್ಚಿಟ್ಟ ದಿನ ಕಂಬಳಿ ಹೊದ್ದು ಹೊರಟರು. ಅದಕ್ಕಿಂತ ಕೋಟೇ ವಾಸಿ ಎಂದು ತಿರುಗಿ ಕೊಟ್ಟೆ.

"ಜೂನ್ ಬರಲಿ ಪಾರು," ಎನ್ನುತ್ತಿದ್ದರು, "ಮಳಿ ಸುರು ಆಗಲಿ. ಆಮ್ಯಾಲ ಯಾರು ಕೇಳ್ತಾರ?" ಮಳೆಯನ್ನು ರೈತರೂ ಹಾಗೆ ಕಾದಿರಲಿಕ್ಕಿಲ್ಲ.

ಮಳೆ ಬರುವ ಮೊದಲೇ ಅವರು ಹೋದರು. ಕಾತ್ರಜ್ ಚೌಕದಲ್ಲಿ ಬಸ್ಸು ಇಳಿದು ಸ್ಟಾಪಿನ ಕಂಬ ಹಿಡಿದು ನಿಂತರಂತೆ, ಹಾಗೇ ಕುಸಿದರಂತೆ. ಸುಡುವ ಬಿಸಿಲಿನಲ್ಲಿ ರೇನ್‌ಕೋಟು ಹಾಕಿದ ಮನುಷ್ಯ ನೆಲಕ್ಕೆ ಬಿದ್ದರೆ ಜನ ಏನೆಂದುಕೊಳ್ಳುತ್ತಾರೆ? ಕುಡುಕ ಇಲ್ಲವೇ ಹುಚ್ಚ. ಸುತ್ತು ಹಾಕಿ ನಡೆದರು. ಕಡೆಗೆ ಹೂ ಮಾರುವ ಮುದುಕಿಯೊಬ್ಬಳು ಹತ್ತಿರ ಹೋಗಿ ಕೋಟನ್ನು ಜಗ್ಗಿ ತೆರೆದಳು. ಆಗ ಕಂಡಿತು ಯೂನಿಫಾರ್ಮು, ಎದೆಯ ಮೇಲಿನ ಹೆಸರು. "ಅರೇ, ಹಾ ತರ್ ವಾಚ್‌ಮನ್ ಆಹೇ!" ಕುಡುಕನಲ್ಲ, ವಾಚ್‌ಮನ್ ಇವನು ಎಂದು ಆಮೇಲೆ ನಾಲ್ಕು ಮಂದಿ ಓಡಿ ಬಂದರಂತೆ, ನೀರು ಹಾಕಿದರಂತೆ, ರಿಕ್ಷಾ ತಂದರಂತೆ. ಏನು ಉಪಯೋಗ? ಆಸ್ಪತ್ರೆಯಲ್ಲಿ ಜೀವ ಹೋಗಿ ಹೊತ್ತಾಗಿದೆ ಎಂದರು.

ಆ ಗುಂಡಿಗಳನ್ನು ಮೊದಲೇ ಯಾರಾದರೂ ಬಿಚ್ಚಿದ್ದರೆ ಎಂದು ನಾನು ಈಗಲೂ ಹಲ್ಲು ಕಡಿಯುತ್ತೇನೆ.

ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ರೇಷ್ಮೆ ಧೋತರ ಉಡಿಸಿದರು. ತಲೆಗೆ ಪಟಕಾ ಸುತ್ತಿದ್ದು ಶಂಕ್ರೆಪ್ಪನೇ. ಎಲ್ಲರ ಭುಜದ ಮೇಲೆ ಕೂತು ಸಾಹೇಬರ ಹಾಗೆಯೇ ಓಣಿ ದಾಟಿದರು. ಅವರ ಮಾನ ಉಳಿಯಿತು ಎಂದುಕೊಂಡೆ. ಥೂ, ಎಂಥ ಮಾನ!

ದಿವಸದ ಕಾರ್ಯ ಮುಗಿದ ಮೇಲೆ ಸುಹಾಸ ಬಂದ. ಬಾಗಿಲಲ್ಲೇ ನಿಂತು ಕೈಮುಗಿದ, ಒಳ್ಳೆಯ ಮನುಷ್ಯ ಇದ್ದರು ಎಂದ. ಆಮೇಲೆ ನೆಲ ನೋಡುತ್ತ ಯೂನಿಫಾರ್ಮು ಕಂಪನಿಯದು, ವಾಪಸು ಕೊಡಬೇಕು, ಸಾಧ್ಯವಾದರೆ ತೊಳೆದು ಕೊಡಿ ಎಂದ. ನನಗೆ ಅವನ ಮುಖಕ್ಕೆ ಎಸೆಯಬೇಕು ಅನಿಸಿತು. ಅವನೂ ಒಂದು ಯೂನಿಫಾರ್ಮಿನಲ್ಲೇ ಇದ್ದ, ಕಂಕುಳಲ್ಲಿ ಬೆವರು ಇಳಿದಿತ್ತು.

"ನಾಳೆ ಬಾ," ಎಂದೆ.

ತೊಳೆದೆ. ಕಾಲರು ತಿಕ್ಕಿ ತಿಕ್ಕಿ ತೊಳೆದೆ. ಈ ಸಲ ಒಳಗೆ ಹಾಕಲಿಲ್ಲ. ಓಣಿಯ ನಡುವೆ ಹಗ್ಗ ಕಟ್ಟಿ, ಹೆಸರಿನ ಬಿಲ್ಲೆ ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ಹಾಕಿದೆ. ನೋಡಲಿ, ಎಲ್ಲರೂ ಕಣ್ತುಂಬ ನೋಡಲಿ, ಯಾವನು ನಗುತ್ತಾನೋ ನಾನೂ ನೋಡುತ್ತೇನೆ ಎಂದು ಹೊಸ್ತಿಲ ಮೇಲೆ ಕೂತೆ. ಯಾರೂ ನಗಲಿಲ್ಲ. ಬಂದವರು ಬಗ್ಗಿ, ಅಂಗಿಯ ತೋಳಿನ ಕೆಳಗೆ ನುಸುಳಿ, ಏನೂ ಇಲ್ಲದ ಹಾಗೆ ಹೋದರು. ಒಬ್ಬರೂ ತಲೆ ಎತ್ತಲಿಲ್ಲ. ಅದು ಅರ್ಧ ಗಂಟೆಯಲ್ಲಿ ಒಣಗಿತು.

ಸುಹಾಸ ಯೂನಿಫಾರ್ಮು ಒಯ್ದ ಮುಂದಿನ ವಾರ ಶಂಕ್ರೆಪ್ಪ ಬಂದ. ಮಧ್ಯಾಹ್ನದ ಹೊತ್ತು, ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಅವನ ಅಂಗಡಿ ಮುಚ್ಚಿದ್ದು ನನಗೆ ಗೊತ್ತಿತ್ತು. ಮೊಬೈಲಿನಲ್ಲಿ ಬೆರಳು ಒತ್ತಿದರೆ ಸಕ್ಕರೆ ಮನೆ ಬಾಗಿಲಿಗೆ ಬರುವ ಕಾಲದಲ್ಲಿ ಅವನ ಕಟ್ಟೆ ಹತ್ತುವವರು ಯಾರು? ಆದರೂ ನನಗೆ ಕನಿಕರ ಬರಲಿಲ್ಲ. ಕೂತುಕೋ ಎನ್ನಲಿಲ್ಲ.

"ವೈನಿ," ಎಂದ, "ಒಂದು ಮಾತು. ಸಾಹೇಬ್ರ ರೇನ್‌ಕೋಟ್ ಅದ ಏನ್ರಿ?"

"ಯಾಕ?"

ಅವನ ಕೈಯಲ್ಲಿದ್ದ ಚೀಲದ ಬಾಯಿಂದ ತಿಳಿನೀಲಿ ಬಟ್ಟೆ ಇಣುಕುತ್ತಿತ್ತು. ಕಾಲರಿನ ಮೇಲೆ ನಾನೇ ಹಾಕಿದ ರಫೂ.

"ಅವರು ನಿಂತ ಗೇಟಿಗೇನು?"

"ಹೌದ್ರಿ. ನಾಳಿಯಿಂದ."

ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಬಾಯಿಗೆ ಬಂತು. "ನಿನ್ನ ಸಲುವಾಗಿ ಸತ್ತರಲ್ಲೋ ಅವರು! ನಿನ್ನ ಕಟ್ಟಿ ದಾಟೂಕ ಅಂಜಿ ಬೆಂದು ಸತ್ತರು! ಸೆಲ್ಯೂಟ್ ಹೊಡಿ ಅಂದಿದ್ದಿಯಲ್ಲ, ಈಗ ನೀ ಹೊಡಿ! ಆ ಡ್ರೆಸ್ ಹಾಕ್ಕೊಂಡು ಓಣಿ ತುಂಬ ಅಡ್ಡಾಡು, ಎಲ್ಲಾರೂ ನೋಡಲಿ!"

ಶಂಕ್ರೆಪ್ಪನ ಕಣ್ಣು ತುಂಬಿತ್ತು. "ನನಗ ಗೊತ್ತಿತ್ರಿ, ವೈನಿ."

"ಏನು ಗೊತ್ತಿತ್ತು?"

"ಮೊದಲಿಂದ ಗೊತ್ತಿತ್ತು, ಬಿಳಿ ಅಂಗಿ ಹಾಕ್ಕೊಂಡು ಹೋಗೂವಾಗಿಂದ. ಇಡೀ ಓಣಿಗೆ ಗೊತ್ತಿತ್ತು. ಆ ಗಾರ್ಡಿನ ಬೂಟು ಆಗೂ ಕಾಣ್ತಿದ್ವು, ಕೋಟಿನ ಕೆಳಗೂ ಕಾಣ್ತಿದ್ವಲ್ಲ."

ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಟ್ಟು ಸಾಹೇಬ್ರ, ಬಿಚ್ಚಿ ಒಗೀರಿ ಅದನ್ನ ಎನ್ನಲಿಲ್ಲ. ಅವರ ಮರ್ಯಾದೆ ಕಾಯುತ್ತೇವೆ ಎಂದುಕೊಂಡು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

"ಎಲ್ಲಾರಿಗೂ ಗೊತ್ತಾಗತದ ಅಂದ ಮ್ಯಾಲ ನಿನಗ್ಯಾಕ ಬೇಕು ಕೋಟು?" ಎಂದೆ.

"ಗೊತ್ತಿರೂದು ಬ್ಯಾರೆ, ನೋಡೂದು ಬ್ಯಾರೆ, ವೈನಿ," ಎಂದ. "ನನ್ನ ಕೈಲೆ ಆಗೂದಿಲ್ರಿ."

ಆ ಕೋಟನ್ನು ಸುಡಬೇಕೆಂದು ಹಿತ್ತಲಿಗೆ ಹಾಕಿದ್ದೆ, ಸೀಮೆಎಣ್ಣೆ ಸಿಗದೆ ಉಳಿದಿತ್ತು. ಹೋಗಿ ಎತ್ತಿಕೊಂಡು ಬಂದೆ. ಹೂವಿನ ಮುದುಕಿ ಜಗ್ಗಿದ ಜಾಗದಲ್ಲಿ ಎರಡು ಗುಂಡಿ ಕಿತ್ತು ದಾರದಲ್ಲಿ ಜೋತಿದ್ದವು. ಹಾಗೇ ಕೊಡಬಹುದಿತ್ತು. ತೆರೆದಿದ್ದರೆ ಸ್ವಲ್ಪ ಗಾಳಿಯಾದರೂ ಆಡುತ್ತಿತ್ತು.

"ಹಿಂಗ ಕೊಟ್ರ ಎದಿ ಕಾಣತದ್ರಿ," ಎಂದ ಶಂಕ್ರೆಪ್ಪ ಮೆಲ್ಲಗೆ.

ಸೂಜಿದಾರ ತೆಗೆದುಕೊಂಡು ಕೂತೆ. ಅವನು ಬಾಗಿಲಲ್ಲಿ ನಿಂತೇ ಇದ್ದ. ಎರಡೂ ಗುಂಡಿಗಳನ್ನು ಕಿತ್ತು ಬರದ ಹಾಗೆ ಗಟ್ಟಿಯಾಗಿ ಹೊಲಿದು ಕೊಟ್ಟೆ.

ಮರುದಿನ ಬೆಳಿಗ್ಗೆ ಅದೇ ಬಸ್ಸಿನ ಹೊತ್ತಿಗೆ ರೇನ್‌ಕೋಟು ನಮ್ಮ ಮನೆಯ ಮುಂದೆ ಬಂತು. ಎದುರು ಮನೆಯವಳು ಕಸ ಗುಡಿಸುವುದನ್ನು ಬಿಟ್ಟು ಒಳಗೆ ಹೋದಳು. ನಾನೂ ಬಾಗಿಲು ಮುಚ್ಚಿಕೊಂಡೆ.