ಮೂರನೆಯ ಕಲ್ಲು

ಬೆಟ್ಟಮ್ಮನನ್ನು ಊರಿನವರು ಹಿಂದಿನಿಂದ ರೇಡಿಯೋ ಬೆಟ್ಟಮ್ಮ ಅನ್ನುತ್ತಿದ್ದರು. ಅನ್ನಲಿ, ಅವರಿಗೇನು ಕೆಲಸ. ಹೇಮಗಿರಿಯ ಆಸುಪಾಸಿನ ಆ ಊರಿನಲ್ಲಿ ಹವಾಮಾನ ವರದಿಯನ್ನು ಕೊನೆಯತನಕ ಕೂತು ಕೇಳುತ್ತಿದ್ದವಳು ಅವಳೊಬ್ಬಳೇ. ತೊಂಬತ್ತೈದನೇ ಇಸವಿಯ ಮೇ ತಿಂಗಳು, ಕೃತ್ತಿಕೆ ಮಳೆ ಹುಟ್ಟಿ ಎರಡು ದಿನವಾಗಿತ್ತು. ಒಳನಾಡಿನ ಕೆಲವೆಡೆ ಬಿರುಗಾಳಿ, ಗುಡುಗು ಸಹಿತ ಮಳೆ, ಮರದಡಿ ನಿಲ್ಲಬೇಡಿ, ಕಡಿದು ಬಿದ್ದ ತಂತಿಯ ಹತ್ತಿರ ಸುಳಿಯಬೇಡಿ ಎಂದು ರೇಡಿಯೋ ಬೆಳಗ್ಗೆಯೇ ಹೇಳಿತ್ತು. ಅವಳ ಗಂಡ ನಾಗರಾಜು ಬಿತ್ತನೆ ಭತ್ತ ತರಲು ಕೆ.ಆರ್. ಪೇಟೆಗೆ ಹೊರಟಿದ್ದವನು ನಕ್ಕುಬಿಟ್ಟಿದ್ದ. ಕೆಲವೆಡೆ ಅಂದರೆ ನಮ್ಮೂರು ಬಿಟ್ಟು ಮಿಕ್ಕಿದ್ದೆಲ್ಲ ಅನ್ನುವುದು ಅವನ ವಾದ.

ಮಧ್ಯಾಹ್ನ ಮೂರಕ್ಕೆ ಆ ಬಿರುಗಾಳಿ ನೆಟ್ಟಗೆ ಇವರ ಗದ್ದೆ ಬಯಲಿಗೇ ಬಂದಿತು. ಹಸುವಿಗೆ ಹುಲ್ಲು ಕುಯ್ಯಲು ಹೋಗಿದ್ದ ಬೆಟ್ಟಮ್ಮ ಹೊಂಗೆ ಮರದ ಕಡೆ ತಿರುಗಿಯೂ ನೋಡದೆ ದಿಬ್ಬದ ಮೇಲಿನ ಮೋಟಾರು ಮನೆಗೆ ಓಡಿದಳು. ಸ್ವಿಚ್ಚುಗಳಿಂದ ದೂರ, ಒಂದು ಮೂಲೆ ಹಿಡಿದು ಮುದುಡಿ ಕೂತಳು. ಗಾಳಿಯೋ ಗಾಳಿ. ಹಂಚು ಹಾರಿಹೋದವು. ಪಕ್ಕದ ತೋಟದ ತೆಂಗಿನ ಮರವೊಂದು ಅರ್ಧಕ್ಕೆ ಮುರಿದು ಕರೆಂಟಿನ ತಂತಿಯ ಮೇಲೆ ಬಿತ್ತು. ತಂತಿ ಕಿಡಿ ಕಾರಿ ಕಡಿದು, ಅದರ ತುದಿ ಎದುರಿನ ಗದ್ದೆಯ ನಡುವೆ ಹೋಗಿ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಳು. ಅರ್ಧ ಗಂಟೆಯಲ್ಲಿ ಗದ್ದೆ ಬದುವಿನ ಮಟ್ಟಕ್ಕೆ ತುಂಬಿತು. ತಂತಿ ಕೆಂಪು ನೀರಿನಡಿ ಮುಚ್ಚಿಹೋಯಿತು.

ಮಳೆ ಹೊಳವಾಗಿ ಸಣ್ಣಗೆ ಹನಿಯತೊಡಗಿದಾಗ ಅವಳು ಹೊರಗೆ ಬಂದಳು. ಊರಿಗೆ ಹತ್ತಿರದ ದಾರಿಯೆಂದರೆ ಆ ಗದ್ದೆ ದಾಟಿಯೇ ಹೋಗಬೇಕು. ಕರೆಂಟು ತಂತಿ ಕಡಿದಾಗಲೇ ಹೋಗಿದೆ, ಸತ್ತ ತಂತಿ ಏನು ಮಾಡೀತು, ಬೇಗ ಮನೆ ಸೇರಿಕೊಂಡರೆ ಸಾಕು ಅನ್ನಿಸಿತು. ಇಷ್ಟೆಲ್ಲ ಕೇಳಿಸಿಕೊಂಡ ಹೆಂಗಸಿಗೂ ಹಾಗನ್ನಿಸಿತಲ್ಲ! ಒಂದು ಕಾಲನ್ನು ನೀರಿಗೆ ಚಾಚಿಯೂ ಬಿಟ್ಟಳು.

ಅಷ್ಟರಲ್ಲಿ ಆಚೆಯಿಂದ ಗುಂಯ್ ಎಂಬ ಸದ್ದು ಬಂತು. ಆಚೆ ಗದ್ದೆಯ ಚಲುವಯ್ಯನ ಮೋಟಾರು. ಚಲುವಯ್ಯ ನೆಂಟರ ಮದುವೆಗೆಂದು ಪಾಂಡವಪುರಕ್ಕೆ ಹೋಗಿ ಎರಡು ದಿನವಾಗಿತ್ತು. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಊರಲ್ಲಿ ಎಲ್ಲರೂ ಸ್ವಿಚ್ಚು ಹಾಕಿಟ್ಟೇ ಹೋಗುತ್ತಾರೆ. ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಓಡುತ್ತದೆ. ಅವನದಕ್ಕೂ ಇವರದಕ್ಕೂ ಒಂದೇ ಲೈನು. ನೀರಿನಡಿಯ ತಂತಿಗೂ ಕರೆಂಟು ಬಂದಿದೆ ಎಂದು ಬೆಟ್ಟಮ್ಮನಿಗೆ ಗೊತ್ತಾಯಿತು. ಚಾಚಿದ ಕಾಲನ್ನು ಕೆಂಡ ತುಳಿದವಳಂತೆ ಎಳೆದುಕೊಂಡು ದಿಬ್ಬದ ಮೇಲೆ ಕುಸಿದಳು.

ತಲೆಯೆತ್ತಿದರೆ ಗದ್ದೆಯ ಆಚೆ ಬದುವಿನ ಮೇಲೆ ನಾಗರಾಜು. ಬಸ್ಸಿಳಿದವನು ಹೆಂಡತಿ ಹೊಲದಲ್ಲಿ ಸಿಕ್ಕಿಕೊಂಡಿದ್ದಾಳೆಂದು ಯಾರೋ ಹೇಳಿದ್ದೇ ತಡ, ಭತ್ತದ ಮೂಟೆಯನ್ನು ರಸ್ತೆಯಲ್ಲೇ ಹಾಕಿ ಬಂದಿದ್ದ. ಬೆಟ್ಟಮ್ಮ ಎದ್ದು ಎರಡೂ ಕೈ ಬೀಸಿದಳು. ಬರಬೇಡ, ತಂತಿ ಬಿದ್ದಿದೆ ಎಂದು ಗಂಟಲು ಹರಿಯುವಂತೆ ಕೂಗಿದಳು. ಗಾಳಿ ಅವನ ಕಡೆಯಿಂದ ಇವಳ ಕಡೆ ಬೀಸುತ್ತಿತ್ತು. ಅವನು ಬೆಟ್ಟೀ ಎಂದದ್ದು ಇವಳಿಗೆ ಕೇಳಿಸಿತೇ ಹೊರತು ಇವಳ ಮಾತು ಅವನಿಗೆ ಮುಟ್ಟಲಿಲ್ಲ. ಹೆಂಡತಿ ಬಿದ್ದದ್ದು ಕಂಡಿತ್ತು, ಕೈ ಬೀಸಿ ಕರೆಯುತ್ತಿರುವುದು ಕಂಡಿತ್ತು. ಅವನು ಓಡತೊಡಗಿದ.

ಅವಳು ಜೋರಾಗಿ ಬೀಸಿದಷ್ಟೂ ಅವನು ಜೋರಾಗಿ ಓಡುತ್ತಿದ್ದ. ಅಯ್ಯೋ ಶಿವನೇ, ನಾನೇ ಕರೆದು ಕೊಲ್ಲುತ್ತಿದ್ದೇನಲ್ಲಾ ಎಂದು ಹೊಳೆದಾಗ ಬೆಟ್ಟಮ್ಮನ ಕೈಗಳು ಜೋತುಬಿದ್ದವು. ಅದೂ ಕೆಲಸಕ್ಕೆ ಬರಲಿಲ್ಲ. ಅವಳಿಗೆ ಇನ್ನೇನೋ ಆಯಿತೆಂದು ಅವನು ಬದುವಿನ ಸುತ್ತುದಾರಿ ಬಿಟ್ಟು, ಪಂಚೆ ಮೇಲೆ ಕಟ್ಟಿ, ಗದ್ದೆಗೇ ಇಳಿಯಲು ಬಗ್ಗಿದ.

ಮೋಟಾರು ಮನೆ ಕಟ್ಟಿ ಮಿಕ್ಕಿದ್ದ ಕಲ್ಲು ಬಾಗಿಲ ಬಳಿ ನಾಲ್ಕೇ ನಾಲ್ಕಿದ್ದವು, ಉಳಿದದ್ದೆಲ್ಲ ಕೆಸರು. ಬೆಟ್ಟಮ್ಮ ಅವನ್ನು ಬಾಚಿ ಮಡಿಲಿಗೆ ಹಾಕಿಕೊಂಡಳು. ಮೊದಲನೆಯದು ಅರ್ಧ ದಾರಿಯಲ್ಲೇ ನೀರಿಗೆ ಬಿತ್ತು. ಎರಡನೆಯದು ಅವನ ಭುಜದ ಪಕ್ಕದಲ್ಲಿ ಹೋಯಿತು. ಸಿಡಿಲಿಗೆ ಹೆದರಿ ಇವಳ ಬುದ್ಧಿ ಕೆಟ್ಟಿತೆಂದುಕೊಂಡ ಗಂಡಸು ಇನ್ನಷ್ಟು ಅವಸರದಲ್ಲಿ ಕಾಲು ಇಳಿಬಿಟ್ಟ. ಮೂರನೆಯದನ್ನು ಅವಳು ಕಣ್ಣು ಮುಚ್ಚದೆ, ಉಸಿರು ಬಿಡದೆ, ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡನ ಮುಖಕ್ಕೇ ಗುರಿಯಿಟ್ಟು ಎಸೆದಳು.

ಹಣೆಗೆ ಬಿತ್ತು. ನಾಗರಾಜು ಎರಡೂ ಕೈಯಲ್ಲಿ ತಲೆ ಹಿಡಿದು ಬದುವಿನ ಮೇಲೆ ಹಿಂದಕ್ಕೆ ಕೂತುಬಿಟ್ಟ. ಬೆರಳ ಸಂದಿಯಿಂದ ರಕ್ತ ಇಳಿಯಿತು. ಕರೆಂಟಿನಿಂದ ಉಳಿಸಲು ಹೋಗಿ ಕಲ್ಲಿನಿಂದ ಕೊಂದೆನೇನೋ ಎಂದು ಅವಳ ಜೀವ ಬಾಯಿಗೆ ಬಂತು. ಹತ್ತಿರ ಹೋಗಿ ನೋಡುವ ಹಾಗಿಲ್ಲ. ಎದ್ದರೆ ಇಳಿಯುತ್ತಾನೆ, ಏಳದಿದ್ದರೆ ಏನಾಗಿದೆಯೋ. ಎರಡಕ್ಕೂ ಹೆದರಿ, ಕೊನೆಯ ಕಲ್ಲು ಹಿಡಿದು ನಿಂತಳು.

ತೆಂಗಿನ ತೋಟದ ಕುಳ್ಳಯ್ಯ ಅವಳ ಹಿಂಬದಿಯ ಬದುವಿನಲ್ಲಿ ಏದುಸಿರು ಬಿಡುತ್ತಾ ಬಂದ. ಗಂಡನ ಮೇಲೆ ಹೆಂಡತಿ ಕಲ್ಲೆಸೆಯುವುದನ್ನು ದೂರದಿಂದ ಕಂಡು ಜಗಳ ಬಿಡಿಸಲು ಬಂದವನು, ಬಂದವನೇ ಬೈಯಲು ಶುರುವಿಟ್ಟ. ಬೆಟ್ಟಮ್ಮ ಮುರಿದ ಮರವನ್ನು ತೋರಿಸಿದಳು, ಗದ್ದೆಯ ನೀರನ್ನು ತೋರಿಸಿದಳು. ಕುಳ್ಳಯ್ಯ ಬೈಯುವುದನ್ನು ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಲೈನ್‌ಮನ್ ಬೋರಯ್ಯನ ಕರ್ಕೊಂಡ್ ಬಾ, ಓಡು. ಮೊದ್ಲು ಕರೆಂಟು ತಗ್ಸು" ಎಂದಳು.

ಅವನು ಬಂದ ದಾರಿಯಲ್ಲೇ ಓಡಿದ. ಎಷ್ಟೋ ಹೊತ್ತಿನ ಮೇಲೆ ಚಲುವಯ್ಯನ ಮೋಟಾರು ನಿಂತಿತು. ನಾಗರಾಜು ಏಳಲು ನೋಡಿದ. ಬೆಟ್ಟಮ್ಮ ಕಲ್ಲೆತ್ತಿದಳು. ಹೋದ ಕರೆಂಟು ಆಗಲೇ ಒಂದು ಸಲ ಹೇಳದೆ ಕೇಳದೆ ಬಂದಿತ್ತಲ್ಲ. ಅವನು ತೆಪ್ಪಗೆ ಕೂತ.

ಬೋರಯ್ಯ ಬಂದು, ಲೈನು ತೆಗೆದಿರುವುದನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಒಣ ಬಿದಿರಿನಲ್ಲಿ ತಂತಿಯನ್ನು ನೀರಿನಿಂದ ಮೇಲೆತ್ತಿದ. ಅದರ ಮೈಮೇಲೆ ಕೆಸರು ಸೋರುತ್ತಿತ್ತು. ನಾಗರಾಜು ತಂತಿ ಬಿದ್ದಿದ್ದ ಜಾಗ ನೋಡಿದ, ತಾನು ಕಾಲಿಡಲಿದ್ದ ಜಾಗ ನೋಡಿದ. ಹಣೆಗೆ ಟವಲು ಒತ್ತಿಕೊಂಡು ಬದುವಿನ ಮೇಲೆ ಸುತ್ತಿ ಬಂದು ಅವಳೆದುರು ನಿಂತ.

"ಆ ಕಲ್ಲೂ ತಗುಲ್ದೇ ಓಗಿದ್ರೆ?" ಎಂದ.

"ಇನ್ನೊಂದೇ ಇತ್ತು ಕಣಯ್ಯಾ" ಎಂದಳು ಬೆಟ್ಟಮ್ಮ. ಆಗ ಅವಳಿಗೆ ಅಳು ಬಂತು.

ಬಲಗೈ ಮುಷ್ಟಿ ಇನ್ನೂ ಕಲ್ಲನ್ನು ಹಿಡಿದೇ ಇತ್ತು. ಬಿಡಬೇಕೆಂದರೂ ಬೆರಳು ಅವಳ ಮಾತು ಕೇಳಲಿಲ್ಲ. ನಾಗರಾಜು ಕೆಸರಿನಲ್ಲೇ ಕೂತು, ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಬಿಡಿಸತೊಡಗಿದ.