ಪುರ ಚಿಂತನ ಮಂದಿರ

"ಚಿಂತೆ ಕೇಳೋ ಸ್ವಾಮಿಗೋಳು ನೀವೇಯಾ?"

ವರದರಾಜ ಅಯ್ಯಂಗಾರರು ನಕ್ಷೆಯಿಂದ ತಲೆ ಎತ್ತಿದರು. ಬಾಗಿಲಲ್ಲಿ ಒಬ್ಬ ಮುದುಕಿ ತಲೆಯ ಮೇಲಿನ ಹುಣಸೆಹಣ್ಣಿನ ಕುಕ್ಕೆ ಇಳಿಸಲಾರದೆ ಒದ್ದಾಡುತ್ತಿದ್ದಳು. ಅವರೇ ಎದ್ದು ಕೈ ಕೊಟ್ಟರು.

ರೈಲ್ವೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು, ನಯಾಪೈಸೆ ಬಂದ ವರ್ಷ ನಿವೃತ್ತರಾಗಿ, ಅರಸೀಕೆರೆಯಲ್ಲೇ ನೆಲೆ ನಿಂತವರು ಅವರು. ಊರಿನ ರಸ್ತೆ, ಬಯಲು, ಸಂತೆಮಾಳ ಹೇಗಿರಬೇಕೆಂದು ಊರಿನವರೇ ಒಂದು ಕಡೆ ಕೂತು ಮಾತಾಡಬೇಕೆಂಬುದೊಂದೇ ಅವರ ಹಂಬಲ. ಕೊಬ್ಬರಿ ವ್ಯಾಪಾರಿ ದೇವೀರಪ್ಪ ಮೂರು ತಿಂಗಳ ಮಟ್ಟಿಗೆ ತನ್ನ ಮಂಡಿಯ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದ. ಅಯ್ಯಂಗಾರರು ಸುಣ್ಣ ಹೊಡೆಸಿ, ಬೆಂಚು ಹಾಕಿಸಿ, 'ಪುರ ಚಿಂತನ ಮಂದಿರ' ಅಂತ ಹಲಗೆ ಬರೆಸಿ ತೂಗುಹಾಕಿದರು. ಅಲ್ಲೇ ಎಡವಟ್ಟಾಗಿದ್ದು. ಮಂದಿರವೆಂದ ಮೇಲೆ ಜನ ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದುಕೊಂಡು ಬಂದರು. ಚಿಂತನ ಎಲ್ಲರ ಬಾಯಲ್ಲಿ ಚಿಂತೆಯಾಯಿತು. ದರ್ಜಿ ಲಕ್ಕಪ್ಪ ಮಗಳಿಗೆ ಗಂಡು ಸಿಗದ ಚಿಂತೆ ಹೇಳಿ ಹೋದ. ಇನ್ಯಾರೋ ಎಮ್ಮೆ ಗಬ್ಬ ನಿಲ್ಲದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ಅಯ್ಯಂಗಾರರು ಎಲ್ಲರಿಗೂ ಮಜ್ಜಿಗೆ ಕೊಟ್ಟು ಕಳಿಸಿದರು. ಊರಿನ ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ.

ಈವತ್ತು ಗಡುವಿನ ಕೊನೆಯ ದಿನ. ಕೊಬ್ಬರಿ ಚೀಲದ ಗಾಡಿ ಆಗಲೇ ಬಾಗಿಲಿಗೆ ಬಂದು ನಿಂತಿತ್ತು. ದೇವೀರಪ್ಪ ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಇನ್ನೊಂದು ಚಿಂತೆ ಬಂತು ನೋಡ್ರಿ ಅಯ್ಯಂಗಾರ್ರೇ," ಎಂದ. "ನಾನು ಮಾತಿಗೆ ತಪ್ಪೋನಲ್ಲ. ಊರಿನ ವಿಚಾರ ಒಬ್ಬರಾದ್ರೂ ಎತ್ಲಿ, ಕೋಣೆ ನಿಮ್ಮದೇ. ಇಲ್ದಿದ್ರೆ ಚೀಲ ಇಳಿಸ್ತೀನಿ."

ಮುದುಕಿ ಮಾಲೇಕಲ್ಲು ಕಡೆಯವಳು, ಶಿವಗಂಗಮ್ಮ.

"ಹೇಳೀಮ್ಮ, ಏನು ಚಿಂತೆ?" ಅಯ್ಯಂಗಾರರ ದನಿಯಲ್ಲಿ ಆಸೆ ಉಳಿದಿರಲಿಲ್ಲ.

"ರಸ್ತೆ ಅಗಲ ಮಾಡಕ್ಕೆ ಹೊರೆಗಲ್ಲು ಕಿತ್ತಾಕ್ತಾರಂತಲ್ಲ ಸ್ವಾಮಿ? ಭುಜದ ಮಟ್ಟಕ್ಕೆ ಕಲ್ಲೈತೆ. ಯಾರ ಹಂಗೂ ಇಲ್ದಂಗೆ ಹೊರೆ ಜಾರಿಸ್ತೀನಿ, ಉಸಿರು ಬಿಟ್ಟು ಮತ್ತೆ ತಲೆ ಕೊಡ್ತೀನಿ. ಅದು ಹೋದ್ರೆ ದಾರೀಲಿ ಹೋಗೋ ಗಂಡಸ್ರನ್ನೆಲ್ಲ 'ಒಸಿ ಕೈ ಕೊಡಪ್ಪ' ಅಂತ ಬೇಡ್ಕಂಡು ನಿಂತ್ಕಳ್ಳಾ?"

ಸುಣ್ಣ ಸವರುತ್ತಿದ್ದ ದೇವೀರಪ್ಪನ ಬೆರಳು ಅಲ್ಲೇ ನಿಂತಿತು.

ಅಯ್ಯಂಗಾರರು ನಕ್ಷೆಯತ್ತ ತಿರುಗಿದರು. ಎರಡು ತಿಂಗಳು ಕೂತು ಬರೆದದ್ದು. ಒಬ್ಬರ ಬೆರಳೂ ತಾಗದಂತೆ ಕಾದದ್ದು. ಅದರಲ್ಲಿ ಸ್ಟೇಷನ್ನಿತ್ತು, ಪೇಟೆಯಿತ್ತು, ಅಗಲವಾಗಲಿರುವ ರಸ್ತೆಯಿತ್ತು, ಲೈಟುಕಂಬಗಳೂ ಇದ್ದವು. ಹೊರೆಗಲ್ಲು ಇರಲಿಲ್ಲ.

"ಇದರಲ್ಲಿ ಎಲ್ಲಿ ಬರತ್ತೆ, ತೋರಿಸಿ."

"ಮೇಜಿನ ಮೇಲಿನ ಗೀಟು ನಂಗೇನ್ ತಿಳೀತೈತೆ? ನಡೆದ್ರೆ ಕಾಲೇ ಹೇಳ್ತೈತೆ."

ಅಯ್ಯಂಗಾರರು ನಕ್ಷೆಯನ್ನು ಎತ್ತಿ ಜಮಖಾನದ ಹಾಗೆ ನೆಲಕ್ಕೆ ಹಾಸಿದರು. "ನಡೀರಿ. ಇದು ಸ್ಟೇಷನ್ನು, ಅದು ಪೇಟೆ."

"ತುಳಿಯೋದಾ? ಅಕ್ಷರ ಐತಲ್ಲ ಸ್ವಾಮಿ!"

"ಪರವಾಗಿಲ್ಲ, ಬನ್ನಿ."

ಶಿವಗಂಗಮ್ಮ ಬಗ್ಗಿ ಹಾಳೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೆಜ್ಜೆಯಿಟ್ಟಳು. "ಸ್ಟೇಷನ್ನಾ... ಇಲ್ಲಿ ಹೊಂಗೆಮರ... ಇಲ್ಲಿಂದ ಏರು, ಕತ್ತು ಬಿದ್ದೋಗ್ತೈತೆ..." ಅವಳ ಎರಡೂ ಕೈ ಇಲ್ಲದ ಹೊರೆಯನ್ನು ಹಿಡಿಯಲು ತಾವಾಗಿಯೇ ಮೇಲೆ ಹೋದವು. "ಇಲ್ಲಿ."

ನೆಟ್ಟಗೆ ಎಳೆದ ಅಗಲ ರಸ್ತೆಯ ನಟ್ಟನಡುವೆ ನಿಂತಿದ್ದಳು.

"ಇನ್ನೊಂದು ಬೆರಳು ಮುಂದೆ ಕಣಮ್ಮ," ಎನ್ನುತ್ತ ದೇವೀರಪ್ಪ ಎದ್ದು ಬಂದ. "ನಮ್ಮ ಗಾಡಿ ತಿರುಗೋದು ಅಲ್ಲೇ."

"ಗೊತ್ತಿಲ್ವಾ ನಂಗೆ? ಹೋದ್ ಸಂತೇಲಿ ನನ್ ಕುಕ್ಕೆ ಮೇಲೇ ತಿರುಗಿಸ್ದ, ನಿಮ್ ಗಾಡಿಯೋನು!"

ದೇವೀರಪ್ಪ ಗಹಗಹಿಸಿ ನಕ್ಕು ಬಾಗಿಲಾಚೆಗೆ ಕೂಗಿದ: "ಲೇ, ಚೀಲ ಇಲ್ಲಿ ಇಳಿಸ್ಬೇಡ, ಗಾಡೀನ ಹಿಂದ್ಗಡೆ ಕೊಟ್ಟಿಗೆಗೆ ಹೊಡೀಲಾ!"

ಅಯ್ಯಂಗಾರರು ಪಂಚೆ ಮುದುರಿಕೊಂಡು ಮಂಡಿಯೂರಿದರು. ಶಿವಗಂಗಮ್ಮನ ಒಡೆದ ಹಿಮ್ಮಡಿಯ ಸುತ್ತ ನಿಧಾನವಾಗಿ ಪೆನ್ಸಿಲ್ಲಿನ ಗೆರೆ ಎಳೆಯತೊಡಗಿದರು.

"ಕಚಗುಳಿ ಆಗ್ತೈತೆ ಸ್ವಾಮಿ," ಅವಳು ಬೆರಳು ಮುದುರಿದಳು.

"ಅಲ್ಲಾಡಬೇಡೀಮ್ಮ," ಎಂದರು ಅಯ್ಯಂಗಾರರು, ಉಸಿರು ಬಿಗಿಹಿಡಿದು. ಗೆರೆ ಹೆಬ್ಬೆರಳ ತುದಿಯನ್ನು ಸುತ್ತಿ ಇನ್ನೊಂದು ಪಕ್ಕಕ್ಕೆ ಇಳಿಯಿತು.